ತುಂಡು ನೆಲ, ನಂಬರ್ ಇಪ್ಪತ್ಮೂರು ಬಿ

ನಾಲ್ಕು ವರ್ಷ ಸರದಿಯಲ್ಲಿ ನಿಂತ ಮೇಲೆ
ಕೌನ್ಸಿಲ್ಲಿನ ಕಾಗದ ಬಂತು:
ಹ್ಯಾಲಿಫ್ಯಾಕ್ಸಿನ ಗುಡ್ಡದ ಬೆನ್ನಿಗೆ, ರೈಲುಹಳಿಯ ಮೇಗಡೆ,
ಐದು ಗಜ ಅಗಲ, ಇಪ್ಪತ್ತೈದು ಗಜ ಉದ್ದ,
ವರ್ಷಕ್ಕೆ ಮೂವತ್ತೆಂಟು ಪೌಂಡು, ನೀರಿಗೆ ಬೇರೆ.
ಕೋಳಿ ಸಾಕಬಹುದು, ಹುಂಜ ಕೂಡದು.

ಬೀಗ ತೆಗೆದು ನೋಡಿದರೆ ನೆಲವೇ ಇಲ್ಲ.
ಎದೆಮಟ್ಟ ಮುಳ್ಳುಹಂಬು. ಅದರೊಳಗೆ
ಒಂದು ಒಲೆಯ ಬಾಗಿಲು, ಬೋರಲು ಬಿದ್ದ ಸ್ನಾನದ ತೊಟ್ಟಿ,
ತೊಟ್ಟಿಯ ತೂತಿನಿಂದ ತಲೆ ಹೊರಹಾಕಿದ ತುರಿಕೆ ಸೊಪ್ಪು.
"ಇದಕ್ಕೇನಾ ಕಾದಿದ್ದು?" ಅಂದಳು ತಂಗಿ ವಿನಿಫ್ರೆಡ್.
ಅವಳು ಯಾವತ್ತೂ ಹಾಗೇ,
ಉಡುಗೊರೆಯೊಳಗೆ ಬಿಲ್ಲು ಹುಡುಕುವವಳು.

ಫೆಬ್ರವರಿಯ ಮೂರು ಭಾನುವಾರ ಕತ್ತರಿಗೇ ಹೋಯಿತು.
ಕೈಗವಸಿನೊಳಕ್ಕೂ ಮುಳ್ಳು ವಿಳಾಸ ಕೇಳಿಕೊಂಡು ಬಂತು.
ಆಮೇಲೆ ಹಾರೆ ಊರಿದೆ,
ಠಣ್.
ಒಂದು ಮೊಳ ಆಚೆ ಊರಿದೆ,
ಠಣ್.
ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕೈ ನನ್ನದು,
ಸ್ಟೀರಿಂಗಿನ ನಡುಕದಲ್ಲೇ ಗುಂಡಿಯ ಆಳ ಹೇಳುತ್ತಿದ್ದೆ.
ಈ ನೆಲಕ್ಕೆ ಮಾತೇ ಇಲ್ಲ, ಬರೀ ಎದುರುತ್ತರ.

ಒಂದು ಬುಟ್ಟಿ ಮಣ್ಣಿಗೆ ಏಳು ಬುಟ್ಟಿ ಕಲ್ಲು:
ಬೆರಳಿನಷ್ಟವು, ಬನ್ನಿನಷ್ಟವು,
ನಡುವಿನದೊಂದು ಮಲಗಿದ ಕುರಿಯಷ್ಟು,
ಅದು ಏಳಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ.
ಸಂದಿಸಂದಿಗೂ ಬಿಳಿ ಬೇರಿನ ಹುಲ್ಲು.
"ಒಂದು ಗಿಣ್ಣು ಉಳಿದರೂ ಸಾಕು ಅದಕ್ಕೆ, ಬಿಡಬೇಡ" ಎಂದ
ಪಕ್ಕದ ತುಂಡಿನ ಎವರಾರ್ಡ್,
ಸೇಂಟ್ ಕಿಟ್ಸ್ ಬಿಟ್ಟು ಐವತ್ತೆಂಟು ವರ್ಷವಾದರೂ
ಬೀನ್ಸಿನ ಕೋಲನ್ನು ಕಬ್ಬಿನ ಸಾಲಿನಂತೆ ನೆಡುವವನು.

ಏಪ್ರಿಲ್ ಮೊದಲ ವಾರ ಗುದ್ದಲಿ ಮೆತ್ತಗೆ ಇಳಿಯಿತು.
ಹಿಗ್ಗಿ ಎಳೆದರೆ
ಬಂದದ್ದು ಜಮಖಾನ!
ಯಾರದೋ ಮನೆಯದು, ಕಂದು ಕಿತ್ತಳೆ ಸುರುಳಿ ಹೂ,
ಕಳೆ ಉಸಿರುಗಟ್ಟಲೆಂದು ಹಾಸಿದ್ದು.
ಕಳೆ ಅದರ ಮೇಲೊಂದು ಸಂಸಾರ ಹೂಡಿ
ಕೆಳಗೆ ನೆಲಮಾಳಿಗೆಯನ್ನೂ ಕಟ್ಟಿಕೊಂಡಿತ್ತು.
ಎರಡು ತುದಿ ಹಿಡಿದು ಜಗ್ಗಿದೆವು. ಹರಿಯಿತು.
ವಿನಿಫ್ರೆಡ್ ಕೆಸರಲ್ಲಿ ಕುಕ್ಕರಿಸಿದಳು,
ಕೂತಲ್ಲೇ ನಕ್ಕಳು. ಅಮ್ಮನ ಮನೆ ಮಾರಿದ ದಿನದಿಂದ
ನಾನದನ್ನು ಕೇಳಿರಲಿಲ್ಲ. ಮರುಕ್ಷಣ
ಪ್ಯಾಂಟು ಹಾಳಾಯಿತೆಂದು ನನ್ನನ್ನೇ ಬೈದಳು.

ಅಷ್ಟರಲ್ಲಿ ಗೇಟಿನಾಚೆ ಒಬ್ಬ ಮುದುಕ,
ಊರುಗೋಲಿನ ಮೇಲೆ ಎರಡೂ ಕೈ.
"ಆ ಜಮಖಾನ ನಮ್ಮ ಮುಂಗೋಣೆಯದು. ಡಾಟಿ ಆರಿಸಿದ್ದು.
ನನಗದು ಹಿಡಿಸಿರಲಿಲ್ಲ."
ಮೂರು ನೋಟೀಸು ಕೊಟ್ಟು ಸಮಿತಿ ಬಿಡಿಸಿದ್ದು ಇವನನ್ನೇ,
ಆರ್ಮರಾಡ್.
ಏನನ್ನಬೇಕೋ ತೋಚದೆ
ಬೇಲಿ ಮೂಲೆಯ ನನ್ನ ಕಲ್ಲಿನ ರಾಶಿ ತೋರಿಸಿದೆ.
ಬಹಳ ಹೊತ್ತು ನೋಡಿದ.
"ಎಪ್ಪತ್ತೊಂಬತ್ತರಲ್ಲಿ ಅವನ್ನು ಅಲ್ಲಿಂದ ಎತ್ತಿ ಇಲ್ಲಿ ಹಾಕಿದ್ದೆ.
ನನಗೂ ಮುಂಚಿನವನು ಇಲ್ಲಿಂದ ಎತ್ತಿ ಅಲ್ಲಿ ಹಾಕಿದ್ದನಂತೆ.
ಸಾಲದ್ದಕ್ಕೆ ಪ್ರತಿ ಚಳಿಗೂ ಹಿಮ ಒಂದಷ್ಟು ಎತ್ತಿಕೊಡುತ್ತೆ.
ಗೊಬ್ಬರ ಕೇಳದ ಬೆಳೆ ಇಲ್ಲಿ ಅದೊಂದೇ."
ಹೊರಟವನು ತಿರುಗಿ,
"ಮೊದಲು ಆಲೂಗಡ್ಡೆ ಹಾಕು. ಅದಕ್ಕೆ ಯಾರ ಮೇಲೂ ಜಗಳವಿಲ್ಲ."

ಹಾಕಿದೆವು. ಕುರಿಗಲ್ಲಿನ ಹತ್ತಿರ ಸಾಲು ಬಳಸಿ ಹೋಯಿತು,
ಕಲ್ಲಿನ ಮೇಲೆ ಫ್ಲಾಸ್ಕು, ಫ್ಲಾಸ್ಕಿನ ಪಕ್ಕ ವಿನಿಫ್ರೆಡ್,
ಸಾಲು ಸೊಟ್ಟಗಿದೆಯೆಂದು ಪ್ರತಿ ಭಾನುವಾರವೂ ತಕರಾರು.

ಜುಲೈ ಕೊನೆಗೆ ಮೊದಲ ಗಿಡದಡಿ ಮುಳ್ಳುಗುದ್ದಲಿ ತೂರಿಸಿದೆ.
ಮೇಲೆ ಬಂದವು ಹದಿನೈದು, ಎಲ್ಲಕ್ಕೂ ಒಂದೇ ಕೆಸರಿನ ಅಂಗಿ.
ನಲ್ಲಿಯ ಕೆಳಗೆ ಒಂದೊಂದೇ ಉಜ್ಜಿದಾಗ ತಿಳಿಯಿತು
ಹನ್ನೊಂದು ನಮ್ಮವು,
ನಾಲ್ಕು ನೆಲದವು.

ಮುದುಕನಿಗೊಂದು ಚೀಲ ತುಂಬಿಟ್ಟೆವು.
ಎತ್ತಿ ನೋಡಿದೆ, ತೂಕ ಯಾಕೋ ಜಾಸ್ತಿ.
ವಿನಿಫ್ರೆಡ್ ರೈಲು ನೋಡುತ್ತಿದ್ದಳು.
ರೈಲು ಬಂದಿರಲಿಲ್ಲ.